ಕರೆಂಟು ಗಾಡಿ ಬಂತು, ಹೊಂಡ ಮುಚ್ಚುವ ದುಡ್ಡು ಯಾರದು?

ಪೆಟ್ರೋಲ್ ಮೇಲಿನ ತೆರಿಗೆ ಅಂದರೇನು ಎಂದು ಕಾರವಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾಜಾಳಿ ದಾಟಿ ಗೋವಾ ಗಡಿಯೊಳಗೆ ಹೋದರೆ ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ. ಕಾಣಕೋಣಕ್ಕೋ ಮಡಗಾಂವಿಗೋ ಹೋಗುವ ಕೆಲಸವಿದ್ದರೆ ಟ್ಯಾಂಕ್ ತುಂಬಿಸುವುದು ಅಲ್ಲಿಯೇ. ಹಾಗೆ ತುಂಬಿಸಿದ ಪೆಟ್ರೋಲಿನ ರಾಜ್ಯ ತೆರಿಗೆ ಪಣಜಿಯ ಬೊಕ್ಕಸ ಸೇರುತ್ತದೆ. ಗಾಡಿ ಮಾತ್ರ ಸದಾಶಿವಗಡ, ಅಂಕೋಲಾ, ಕುಮಟಾ ಎಂದು ವಾರವಿಡೀ ಕರ್ನಾಟಕದ ರಸ್ತೆಯಲ್ಲೇ ಓಡುತ್ತದೆ. ರಸ್ತೆ ಸವೆಸುವವನು ಒಂದು ಕಡೆ, ದುಡ್ಡು ಬೀಳುವುದು ಇನ್ನೊಂದು ಕಡೆ. ಇದನ್ನು ಇಲ್ಲಿಯವರೆಗೆ ಯಾರೂ ದೊಡ್ಡದು ಮಾಡಲಿಲ್ಲ.

ಈಗ ಬ್ಯಾಟರಿ ಸ್ಕೂಟರು ಬಂದಿದೆ. ಅದು ಗೋವಾದಲ್ಲೂ ಪೆಟ್ರೋಲ್ ಹಾಕಿಸುವುದಿಲ್ಲ, ಕೋಡಿಬಾಗದಲ್ಲೂ ಹಾಕಿಸುವುದಿಲ್ಲ. ಮುಂದೆ ಕಾರು, ಆಮೇಲೆ ಬಸ್ಸು, ಕೊನೆಗೆ ಲಾರಿಯೂ ಹೀಗೇ ಆದರೆ ರಸ್ತೆ ರಿಪೇರಿಯ ದುಡ್ಡು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಕೊಡುವವರು ಸಾಮಾನ್ಯವಾಗಿ ಎರಡು ಪಂಗಡ. ‘ಅವರೂ ನಮ್ಮ ರಸ್ತೆಯಲ್ಲೇ ಓಡುತ್ತಾರೆ, ಅವರಿಗೂ ತೆರಿಗೆ ಹಾಕಿ’ ಎನ್ನುವವರು ಒಂದು ಕಡೆ, ‘ಹೊಗೆ ಬಿಡದವರಿಗೆ ಶಿಕ್ಷೆ ಯಾಕೆ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದು ವಿಷಯ ನೋಡುತ್ತಿಲ್ಲ ಎಂಬುದು ನನ್ನ ತಕರಾರು. ಈಗಿರುವ ಪೆಟ್ರೋಲ್-ಡೀಸೆಲ್ ಲೆಕ್ಕವೇ ನ್ಯಾಯದ್ದಲ್ಲ. ಅದನ್ನೇ ಅಳತೆಗೋಲು ಮಾಡಿಕೊಂಡು ವಿದ್ಯುತ್ ವಾಹನಕ್ಕೆ ಹೊಲಿಗೆ ಹಾಕಿದರೆ ಹಳೆಯ ಅನ್ಯಾಯವನ್ನೇ ಮುಂದಿನ ನಲವತ್ತು ವರ್ಷಕ್ಕೆ ನವೀಕರಿಸಿದಂತೆ.

ಮೊದಲು ಈಗಿನ ದುಡ್ಡಿನ ದಾರಿ ನೋಡೋಣ. 2025ರ ಏಪ್ರಿಲ್‌ನಲ್ಲಿ ಆದ ಏರಿಕೆಯ ನಂತರ ಕೇಂದ್ರದ ಅಬಕಾರಿ ಸುಂಕ ಪೆಟ್ರೋಲಿಗೆ ಲೀಟರಿಗೆ 21.90 ರೂಪಾಯಿ, ಡೀಸೆಲ್‌ಗೆ 17.80 ರೂಪಾಯಿ ಆಯಿತು. ಇದರೊಳಗೆ ‘ರಸ್ತೆ ಮತ್ತು ಮೂಲಸೌಕರ್ಯ ಸೆಸ್’ (ಒಂದು ಉದ್ದೇಶಕ್ಕೆಂದೇ ಹಾಕುವ ತೆರಿಗೆ) ಎಂಬ ಹೆಸರಿನಲ್ಲಿ ಇರುವುದು ಪೆಟ್ರೋಲಿಗೆ 5 ರೂಪಾಯಿ, ಡೀಸೆಲ್‌ಗೆ 2 ರೂಪಾಯಿ ಮಾತ್ರ. ಅದು ಹೋಗುವ ನಿಧಿಯೂ ಪೂರ್ತಿ ರಸ್ತೆಯದಲ್ಲ. 2000ದ ಕಾಯ್ದೆಯಲ್ಲಿ ‘ಕೇಂದ್ರ ರಸ್ತೆ ನಿಧಿ’ ಆಗಿದ್ದದ್ದು 2018ರ ತಿದ್ದುಪಡಿಯಲ್ಲಿ ‘ರಸ್ತೆ ಮತ್ತು ಮೂಲಸೌಕರ್ಯ ನಿಧಿ’ ಆಯಿತು, ರೈಲು, ಜಲಮಾರ್ಗ ಎಲ್ಲವೂ ಅದರ ಪಾಲುದಾರರಾದವು. ರಾಜ್ಯದ ಮಾರಾಟ ತೆರಿಗೆ ಪೆಟ್ರೋಲಿಗೆ ಶೇ. 29.84 (2024ರ ಜೂನ್‌ನಿಂದ), ಡೀಸೆಲ್‌ಗೆ ಶೇ. 21.17 (2025ರ ಏಪ್ರಿಲ್‌ನಿಂದ). ಈ ದುಡ್ಡು ಸೀದಾ ಬೊಕ್ಕಸಕ್ಕೆ. ಅದರಿಂದ ಶಿಕ್ಷಕರ ಸಂಬಳ ಆಗಬಹುದು, ಸಾಲದ ಬಡ್ಡಿ ಆಗಬಹುದು, ಡಾಂಬರೂ ಆಗಬಹುದು. ಆ ದರದಲ್ಲಿ ಎರಡೂ ಸೇರಿ ಲೀಟರ್ ಪೆಟ್ರೋಲಿನಲ್ಲಿ ಸುಮಾರು 45 ರೂಪಾಯಿ, ಲೀಟರ್ ಡೀಸೆಲ್‌ನಲ್ಲಿ ಸುಮಾರು 34 ರೂಪಾಯಿ ತೆರಿಗೆ.

ಇದನ್ನು ಶಿರಸಿ–ಕುಮಟಾ ರಸ್ತೆಯ ಮೇಲೆ ಓಡಿಸಿ ನೋಡಿ. ದೇವಿಮನೆ ಘಟ್ಟ ಸೇರಿ ಅಂದಾಜು 60 ಕಿಲೋಮೀಟರ್. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 4 ಲೀಟರ್ ಪೆಟ್ರೋಲ್ ಬೇಕು, ಅಂದರೆ 180 ರೂಪಾಯಿ ತೆರಿಗೆ. ಲೀಟರಿಗೆ 45 ಕೊಡುವ ಸ್ಕೂಟರಿನವನು 60 ರೂಪಾಯಿ ಕೊಡುತ್ತಾನೆ. ಲೀಟರಿಗೆ 4 ಕಿ.ಮೀ. ಓಡುವ ಆರು ಚಕ್ರದ ಲಾರಿ 15 ಲೀಟರ್ ಡೀಸೆಲ್ ಸುಟ್ಟು 500 ರೂಪಾಯಿ ಚಿಲ್ಲರೆ ಕೊಡುತ್ತದೆ. ಇನ್ನು ಬ್ಯಾಟರಿ ಕಾರು? ಅದು ಸುಮಾರು 9 ಯೂನಿಟ್ ಕರೆಂಟ್ ತಿನ್ನುತ್ತದೆ. ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ ಶೇ. 9ರ ವಿದ್ಯುತ್ ತೆರಿಗೆ ಲೆಕ್ಕದಲ್ಲಿ 5 ರೂಪಾಯಿ. 180 ಎಲ್ಲಿ, 5 ಎಲ್ಲಿ! ಹಣಕಾಸು ಇಲಾಖೆಗೆ ನಿದ್ದೆ ಬಾರದಿರುವುದು ಸಹಜ.

ಆದರೆ ಅದೇ ಲೆಕ್ಕದಲ್ಲಿ ರಸ್ತೆ ಸೆಸ್ಸನ್ನು ಮಾತ್ರ ಬೇರೆ ಮಾಡಿ ನೋಡಿ. ಕಾರಿನವನದು 20 ರೂಪಾಯಿ, ಲಾರಿಯದು 30 ರೂಪಾಯಿ. ಕಾರಿಗೂ ಭರ್ತಿ ಲಾರಿಗೂ ನಡುವಿನ ವ್ಯತ್ಯಾಸ ಹತ್ತೇ ರೂಪಾಯಿ. ಕತೆ ಶುರುವಾಗುವುದು ಇಲ್ಲಿ.

ಅಮೆರಿಕದ ಇಲಿನಾಯ್ಸ್ ರಾಜ್ಯದ ಒಟಾವಾ ಊರಿನ ಹತ್ತಿರ 1950ರ ದಶಕದ ಕೊನೆಯಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಸುತ್ತುಸುತ್ತಾಗಿ ಕಟ್ಟಿ, ಬೇರೆ ಬೇರೆ ಭಾರದ ಟ್ರಕ್ಕುಗಳನ್ನು ಎರಡು ವರ್ಷ ಹಗಲೂ ರಾತ್ರಿ ಓಡಿಸಿದರು. ಯಾವ ರಸ್ತೆ ಎಷ್ಟು ಸುತ್ತಿಗೆ ಹಾಳಾಯಿತು ಎಂದು ಅಳೆದಾಗ ಸಿಕ್ಕಿದ್ದು ‘ನಾಲ್ಕನೇ ಘಾತ’ದ ಸೂತ್ರ. ಒಂದು ಆಕ್ಸಲ್ (ಎರಡೂ ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಎರಡನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ಹದಿನಾರು ಪಟ್ಟು. ಭಾರ ಮೂರು ಪಟ್ಟಾದರೆ ಪೆಟ್ಟು ಎಂಬತ್ತೊಂದು ಪಟ್ಟು. ಇದು ಅಂದಾಜಿನ ಸೂತ್ರ. ರಸ್ತೆಯ ಬಗೆ, ತಳದ ಮಣ್ಣು ನೋಡಿ ಘಾತ ಹೆಚ್ಚುಕಡಿಮೆ ಆಗುತ್ತದೆ. ಆದರೂ ಇಂದಿಗೂ ರಸ್ತೆ ಎಂಜಿನಿಯರುಗಳು ಡಾಂಬರಿನ ದಪ್ಪ ಲೆಕ್ಕ ಹಾಕುವಾಗ ವಾಹನಗಳನ್ನು ಎಣಿಸುವುದು ಇದೇ ತತ್ವದ ಮೇಲೆ. 80 ಕಿಲೋನ್ಯೂಟನ್, ಅಂದರೆ ಸುಮಾರು 8.16 ಟನ್ನಿನ ಒಂದು ಆಕ್ಸಲ್ಲನ್ನು ಅಳತೆ ಮಾಡಿಕೊಂಡು, ಎಷ್ಟು ಲಕ್ಷ ಅಂಥ ಆಕ್ಸಲ್‌ಗಳು ಹಾದುಹೋಗುತ್ತವೆ ಎಂದು ನೋಡುತ್ತಾರೆ. ಕಾರು, ಸ್ಕೂಟರುಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಯಾಕೆ ಬರುವುದಿಲ್ಲ ಎಂದು ನೀವೇ ಗುಣಿಸಬಹುದು. ಜನರೂ ಸೇರಿ ಒಂದೂವರೆ ಟನ್ ತೂಗುವ ಕಾರಿನ ಒಂದೊಂದು ಆಕ್ಸಲ್ ಮೇಲೆ 0.75 ಟನ್ ಕೂರುತ್ತದೆ. ಕಾನೂನಿನ ಮಿತಿಯೊಳಗೇ ತುಂಬಿದ ಎರಡು ಆಕ್ಸಲ್ಲಿನ ಲಾರಿಯ ಮುಂದೆ 7 ಟನ್, ಹಿಂದೆ 11.5 ಟನ್. ನಾಲ್ಕನೇ ಘಾತ ಹಾಕಿ ಕೂಡಿಸಿದರೆ, ಆ ಒಂದು ಲಾರಿ ಒಮ್ಮೆ ಹಾದುಹೋದದ್ದು ಮೂವತ್ತು ಸಾವಿರ ಕಾರು ಹಾದುಹೋದದ್ದಕ್ಕೆ ಸಮ. ಮೂವತ್ತು ಸಾವಿರ ಕಾರಿನ ಕೆಲಸಕ್ಕೆ ಹತ್ತು ರೂಪಾಯಿ ಹೆಚ್ಚು ಸೆಸ್.

ಇದೇ ಸೂತ್ರ ಬ್ಯಾಟರಿ ಗಾಡಿಯ ಬಗೆಗಿನ ಒಂದು ಗಾಳಿಮಾತನ್ನೂ ನಿಲ್ಲಿಸುತ್ತದೆ. ‘ಬ್ಯಾಟರಿಯ ಭಾರಕ್ಕೆ ರಸ್ತೆ ಕಿತ್ತುಹೋಗುತ್ತದೆ’ ಎನ್ನುವವರಿದ್ದಾರೆ. ಕಾರು ಶೇ. 20ರಷ್ಟು ಭಾರವಾದರೆ ಪೆಟ್ಟು ದುಪ್ಪಟ್ಟಾಗುವುದು ನಿಜ. ಆದರೆ ಮೂವತ್ತು ಸಾವಿರದಲ್ಲಿ ಒಂದು ಪಾಲಿನ ದುಪ್ಪಟ್ಟು ಎಷ್ಟು? ಭರ್ತಿ ಲಾರಿಯ ವಿಷಯ ಬೇರೆ. ಅಲ್ಲಿ ಶೇ. 10ರಷ್ಟು ಹೆಚ್ಚಾದರೂ ನೋಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಿಂದಿನ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿಂದ 11.5 ಟನ್ನಿಗೆ ಏರಿಸಿತು. ಭಾರ ಏರಿದ್ದು ಶೇ. 13ರ ಆಸುಪಾಸು, ಆ ಆಕ್ಸಲ್ಲಿನಿಂದ ರಸ್ತೆಗೆ ಬೀಳುವ ಪೆಟ್ಟು ಏರಿದ್ದು ಶೇ. 60ಕ್ಕೂ ಮಿಕ್ಕಿ. ಮಿತಿ ಮೀರಿ ತುಂಬಿದವರಿಗೆ 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಇಟ್ಟಿದ್ದಾರೆ. ಕಾಗದದ ಮೇಲೆ ಬಿಗಿಯಾದ ಕಾನೂನೇ. ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಇಳಿಯುತ್ತಿದ್ದ ಕಾಲದಲ್ಲಿ ಅರಬೈಲು ಘಟ್ಟದ ರಸ್ತೆ ಹೇಗಿತ್ತು ಎಂದು ಯಲ್ಲಾಪುರದವರನ್ನು ಕೇಳಿದರೆ, ಕಾಗದಕ್ಕೂ ಡಾಂಬರಿಗೂ ಇರುವ ದೂರ ಗೊತ್ತಾಗುತ್ತದೆ.

ಹಾಗಾದರೆ ಎಲ್ಲ ಖರ್ಚನ್ನೂ ಲಾರಿಯ ತಲೆಗೆ ಕಟ್ಟಿಬಿಡೋಣವೇ? ಅದೂ ಆಗದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ರಸ್ತೆಯ ದೊಡ್ಡ ಶತ್ರು ಲಾರಿ ಅಲ್ಲ, ನೀರು. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ನ ಆಸುಪಾಸು ಮಳೆ ಸುರಿಯುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಡಾಂಬರಿನ ಬಿರುಕಿನಲ್ಲಿ ನೀರು ಇಳಿಯುತ್ತದೆ, ಕೆಳಗಿನ ಜಲ್ಲಿ-ಮಣ್ಣಿನ ಪದರ ನೆನೆದು ಮೆತ್ತಗಾಗುತ್ತದೆ. ಅದರ ಮೇಲೆ ಚಕ್ರ ಒತ್ತಿದಾಗ ನೀರು ಮಣ್ಣನ್ನು ಹೊತ್ತುಕೊಂಡು ಮೇಲೆ ಚಿಮ್ಮುತ್ತದೆ, ಒಳಗೆ ಟೊಳ್ಳಾಗುತ್ತದೆ, ಒಂದು ದಿನ ಮೇಲಿನ ಪದರ ಕುಸಿದು ಹೊಂಡ ಬೀಳುತ್ತದೆ. ಚರಂಡಿ ಮುಚ್ಚಿಹೋದ ರಸ್ತೆ, ಮೋರಿಯಲ್ಲಿ ಕಸ ತುಂಬಿದ ರಸ್ತೆ ಎರಡು ಮಳೆಗಾಲ ಬಾಳುವುದಿಲ್ಲ. ಶಿರಸಿ, ಸಿದ್ದಾಪುರದ ಒಳಹಳ್ಳಿಗಳ ದಾರಿಯಲ್ಲಿ ದಿನಕ್ಕೆ ಒಂದು ಬಸ್ಸು, ಆಗೀಗ ಒಂದು ಚಿರೇಕಲ್ಲಿನ ಲಾರಿ ಓಡಾಡಿದರೂ ರಸ್ತೆ ಎದ್ದುಹೋಗಿರುವುದು ಇದರಿಂದಲೇ. ಭಾರವೂ ನೀರೂ ಒಂದಕ್ಕೊಂದು ಕೂಡಿಕೊಂಡು ಕೆಡಿಸುತ್ತವೆ. ಬೇಸಿಗೆಯಲ್ಲಿ ತಾಳಿಕೊಳ್ಳುವ ಲಾರಿಯನ್ನೇ ಆಷಾಢದಲ್ಲಿ ಅದೇ ರಸ್ತೆ ತಾಳಿಕೊಳ್ಳಲಾರದು.

ಇನ್ನು ಧರೆ ಕುಸಿತ, ಸೇತುವೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಜರಿದು ಜೀವಗಳನ್ನು ತೆಗೆದುಕೊಂಡು ಹೋಯಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಗುಡ್ಡಕ್ಕೆ ತಡೆಗೋಡೆ ಕಟ್ಟುವ, ಸೇತುವೆಯ ಕಂಬವನ್ನು ವರ್ಷ ವರ್ಷ ಪರೀಕ್ಷಿಸುವ ಖರ್ಚು ಯಾರ ಗಾಡಿ ಎಷ್ಟು ಓಡಿತು ಎನ್ನುವುದರ ಮೇಲೆ ನಿಂತಿಲ್ಲ. ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಸರಿಮಾಡಿಸಿದ ಖರ್ಚನ್ನು, ಮನೆಯಲ್ಲಿ ಯಾರು ಎಷ್ಟು ಸಲ ಒಳಗೆ ಹೊರಗೆ ಓಡಾಡಿದರು ಎಂದು ಎಣಿಸಿ ಹಂಚುವುದುಂಟೇ? ಗಾಡಿಯೇ ಇಲ್ಲದವನ ಮನೆಗೂ ಹಾಲಿನ ವ್ಯಾನು, ಆಂಬುಲೆನ್ಸು, ಗ್ಯಾಸ್ ಸಿಲಿಂಡರ್ ಬರಬೇಕು.

ಹಾಗಾಗಿ ನ್ಯಾಯವಾದ ಲೆಕ್ಕದಲ್ಲಿ ಮೂರು ಬೇರೆ ಬೇರೆ ಗಂಟುಗಳಿರಬೇಕು. ಮಳೆ-ಗುಡ್ಡ-ಸೇತುವೆಯ ಗಂಟು ಎಲ್ಲರದು, ಅದು ಸಾಮಾನ್ಯ ತೆರಿಗೆಯಿಂದಲೇ ಬರಲಿ. ಓಡಾಟದ ಗಂಟಿನಲ್ಲಿ ಬಣ್ಣದ ಗೆರೆ, ದೀಪ, ಫಲಕ, ಹೆಚ್ಚು ಗಾಡಿಗಳಿಗಾಗಿ ಅಗಲ ಮಾಡಿದ ರಸ್ತೆ ಬರುತ್ತವೆ. ಅದು ಕಿಲೋಮೀಟರ್ ಲೆಕ್ಕದಲ್ಲಿ ಕಾರು-ಸ್ಕೂಟರಿನವರೂ ಸೇರಿ ಕೊಡಬೇಕಾದದ್ದು. ಮೂರನೆಯದು ಸವೆತದ ಗಂಟು: ಆಕ್ಸಲ್ ಭಾರ, ಅದಕ್ಕೆ ಗುಣಿಸಿದ ದೂರ. ಇದರ ಬಹುಪಾಲು ಭಾರಿ ವಾಹನಗಳದು. ಅವು ಡೀಸೆಲ್ಲಿನಲ್ಲಿ ಓಡಲಿ, ಬ್ಯಾಟರಿಯಲ್ಲಿ ಓಡಲಿ, ಡಾಂಬರಿಗೆ ಅದು ಗೊತ್ತಾಗುವುದಿಲ್ಲ.

ಈಗ ಕೈಯಲ್ಲಿರುವ ಉಪಾಯಗಳನ್ನು ಈ ಮೂರರ ಎದುರು ಹಿಡಿದು ನೋಡಿದರೆ ಹೆಚ್ಚಿನವು ನಿಲ್ಲುವುದಿಲ್ಲ. ಸುಲಭವಾಗಿ ಕಾಣುವುದು ಕರೆಂಟಿನ ಮೇಲೆ ರಸ್ತೆ ಸೆಸ್. ಸ್ಕೂಟರನ್ನು ಜಗಲಿಯ ಪ್ಲಗ್ಗಿಗೇ ಚುಚ್ಚಿ ಚಾರ್ಜ್ ಮಾಡುವವನ ಮೀಟರಿನಲ್ಲಿ ಮಿಕ್ಸಿ ಎಷ್ಟು, ಸ್ಕೂಟರು ಎಷ್ಟು ಎಂದು ಹೆಸ್ಕಾಂ ಹೇಗೆ ಬೇರೆ ಮಾಡುವುದು? ತಿಂಗಳಿಗೆ 500 ಕಿ.ಮೀ. ಓಡುವ ಸ್ಕೂಟರು ತಿನ್ನುವುದು ಹದಿನೈದು ಯೂನಿಟ್ಟಿನ ಆಜೂಬಾಜು. ಗೃಹಜ್ಯೋತಿಯ ಮಿತಿಯೊಳಗೆ ಅದು ಕೂತುಬಿಟ್ಟರೆ ಬಿಲ್ಲೇ ಸೊನ್ನೆ, ಸೆಸ್ ಎಲ್ಲಿಂದ? ಅಂದಹಾಗೆ, ಆ ಕರೆಂಟಿಗಾಗಿ ಕಾಳಿ, ಶರಾವತಿಯ ಅಣೆಕಟ್ಟುಗಳಿಗೂ ಕೈಗಾದ ಅಣು ಸ್ಥಾವರಕ್ಕೂ ನೆಲ ಕೊಟ್ಟ ಜಿಲ್ಲೆ ಇದು. ಕರೆಂಟಿಗೆ ಇನ್ನೊಂದು ಸೆಸ್ ಎಂದರೆ ಇಲ್ಲಿಯವರು ಮುಖ ಸಿಂಡರಿಸುವುದಕ್ಕೆ ಕಾರಣವಿದೆ.

ಗಾಡಿ ಕೊಳ್ಳುವಾಗ ಒಂದೇ ಸಲ ಕಟ್ಟುವ ಲೈಫ್ ಟ್ಯಾಕ್ಸ್ ಇನ್ನೊಂದು. ಕರ್ನಾಟಕದಲ್ಲಿ 2016ರಿಂದ ವಿದ್ಯುತ್ ವಾಹನಗಳಿಗೆ ಇದರ ವಿನಾಯಿತಿ ಇತ್ತು. 2017ರಲ್ಲಿ ದೇಶದಲ್ಲೇ ಮೊದಲ ವಿದ್ಯುತ್ ವಾಹನ ನೀತಿ ತಂದದ್ದೂ ಈ ರಾಜ್ಯವೇ. 2024ರ ತಿದ್ದುಪಡಿಯಲ್ಲಿ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ಶೇ. 10ರ ತೆರಿಗೆ ಹಾಕಿದರು. ಬೊಕ್ಕಸಕ್ಕೆ ಇದು ಆಗಬಹುದು, ರಸ್ತೆಯ ನ್ಯಾಯಕ್ಕೆ ಆಗದು. ಅದು ಅಳೆಯುವುದು ಷೋರೂಮಿನ ಬೆಲೆಯನ್ನು. ಶಿರಸಿಯಲ್ಲಿ ಮದುವೆ-ಮುಂಜಿಗೆ ಮಾತ್ರ ಹೊರತೆಗೆಯುವ ಕಾರೂ, ವಾರಕ್ಕೆ ಎರಡು ಸಲ ಬೆಂಗಳೂರಿಗೆ ಓಡುವ ಕಾರೂ ಒಂದೇ ಬೆಲೆಯದಾದರೆ ಒಂದೇ ತೆರಿಗೆ.

ಟೋಲ್ ಮಾತ್ರ ದೂರ-ಭಾರ ಎರಡನ್ನೂ ಅಷ್ಟಿಷ್ಟು ನೋಡುತ್ತದೆ. ಆದರೆ ಹಟ್ಟಿಕೇರಿಯಲ್ಲೋ ಹೊಳೆಗದ್ದೆಯಲ್ಲೋ ಕಟ್ಟಿದ ದುಡ್ಡು ಆ ಹೆದ್ದಾರಿಗೆ. ಗೇಟಿನ ಪಕ್ಕದ ಪಂಚಾಯ್ತಿ ರಸ್ತೆಗೆ ಅದರಲ್ಲಿ ಪಾಲಿಲ್ಲ, ಟೋಲ್ ತಪ್ಪಿಸಿಕೊಳ್ಳುವ ಗಾಡಿಗಳು ನುಗ್ಗುವುದು ಮಾತ್ರ ಅದೇ ರಸ್ತೆಗೆ. ಗ್ರಾಮೀಣ ರಸ್ತೆಗಳ ಪಾಡು ಹೀಗೇ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗೆ ಮೊದಲ ಐದು ವರ್ಷ ಗುತ್ತಿಗೆದಾರನೇ ನಿರ್ವಹಣೆ ಮಾಡಬೇಕೆಂಬ ಕರಾರಿರುತ್ತದೆ. ಆರನೇ ವರ್ಷದಿಂದ ರಾಜ್ಯದ ಕೈ ನೋಡಬೇಕು.

ಹೊರಗೆ ಇದನ್ನು ಹೇಗೆ ಮಾಡಿದ್ದಾರೆ? ನ್ಯೂಜಿಲೆಂಡಿನಲ್ಲಿ ಪೆಟ್ರೋಲಿಗೆ ತೆರಿಗೆ ಉಂಟು, ಡೀಸೆಲ್‌ಗೆ ಅಂಥ ರಸ್ತೆ ತೆರಿಗೆ ಇಲ್ಲ. ಡೀಸೆಲ್ ಗಾಡಿಯವರು 1970ರ ದಶಕದ ಕೊನೆಯಿಂದಲೂ ಸಾವಿರ ಸಾವಿರ ಕಿಲೋಮೀಟರನ್ನು ಮುಂಗಡ ಕೊಂಡುಕೊಳ್ಳುತ್ತಾರೆ. ಮೊಬೈಲಿಗೆ ರೀಚಾರ್ಜ್ ಮಾಡಿಸಿದಂತೆಯೇ, ಕಿಲೋಮೀಟರ್ ಮುಗಿದರೆ ಮತ್ತೆ ಕೊಳ್ಳಬೇಕು. ಭಾರಿ ಲಾರಿಗಳ ಚಕ್ರಕ್ಕೆ ಬೇರೆಯೇ ಮೀಟರ್ ಇರುತ್ತದೆ, ದರ ಆಕ್ಸಲ್ ಎಷ್ಟು, ಭಾರ ಎಷ್ಟು ಎನ್ನುವುದರ ಮೇಲೆ. ವಿದ್ಯುತ್ ಕಾರುಗಳಿಗೆ ಇದ್ದ ವಿನಾಯಿತಿ 2024ರ ಮಾರ್ಚ್ 31ಕ್ಕೆ ಮುಗಿಯಿತು. ಮರುದಿನದಿಂದ ಸಾವಿರ ಕಿ.ಮೀ.ಗೆ 76 ನ್ಯೂಜಿಲೆಂಡ್ ಡಾಲರ್. ಉಪಗ್ರಹ ಇಲ್ಲ, ಯಾರು ಎಲ್ಲಿ ಹೋದರು ಎಂಬ ಬೇಹುಗಾರಿಕೆ ಇಲ್ಲ, ಗಾಡಿ ಎಷ್ಟು ಓಡಿತೆಂದು ತೋರಿಸುವ ಓಡೋಮೀಟರ್ ನೋಡಿದರೆ ಸಾಕು. ಐಸ್‌ಲ್ಯಾಂಡ್ ಅದೇ ವರ್ಷದ ಜನವರಿಯಲ್ಲಿ ವಿದ್ಯುತ್ ಕಾರುಗಳಿಗೆ ಕಿಲೋಮೀಟರಿಗೆ 6 ಕ್ರೋನಾ ಹಾಕಿತು. ಬ್ರಿಟನ್ 2025ರ ನವೆಂಬರಿನಲ್ಲೇ ಹೇಳಿಬಿಟ್ಟಿದೆ: 2028ರ ಏಪ್ರಿಲ್‌ನಿಂದ ಮೈಲಿಗೆ 3 ಪೆನ್ಸ್.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಸ್ವಿಟ್ಜರ್ಲೆಂಡ್, ಅದೂ ಘಟ್ಟದ ದೇಶವೇ. 2001ರಿಂದ ಅಲ್ಲಿ 3.5 ಟನ್ನಿಗಿಂತ ಭಾರದ ಸರಕು ವಾಹನಗಳು ದೂರ, ಅನುಮತಿ ಪಡೆದ ಭಾರ, ಹೊಗೆಯ ದರ್ಜೆ ಮೂರನ್ನೂ ಗುಣಿಸಿ ಶುಲ್ಕ ಕಟ್ಟುತ್ತವೆ. ಬಂದ ಹಣದಲ್ಲಿ ಮೂರನೇ ಒಂದು ಪಾಲು ಅಲ್ಲಿನ ಪ್ರಾಂತಗಳಿಗೆ ಹೋಗುತ್ತದೆ.

ಎಡವಿದವರೂ ಇದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2021ರಲ್ಲಿ ವಿದ್ಯುತ್ ಕಾರುಗಳ ಮೇಲೆ ಕಿಲೋಮೀಟರ್ ಶುಲ್ಕ ಹಾಕಿತು. 2023ರ ಅಕ್ಟೋಬರಿನಲ್ಲಿ ಅಲ್ಲಿಯ ಹೈಕೋರ್ಟ್, ಅದು ಆ ದೇಶದ ಸರ್ವೋಚ್ಚ ನ್ಯಾಯಾಲಯ, ಇಂಥ ತೆರಿಗೆ ಹಾಕುವ ಹಕ್ಕು ಒಕ್ಕೂಟ ಸರ್ಕಾರಕ್ಕೆ ಮಾತ್ರ ಎಂದು ಹೊಡೆದುಹಾಕಿತು. ನಮ್ಮಲ್ಲಿ ಆ ತೊಡಕು ಕಡಿಮೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿ, 57ನೇ ನಮೂದು: ಯಂತ್ರದಿಂದ ಓಡಲಿ, ಓಡದಿರಲಿ, ರಸ್ತೆಯಲ್ಲಿ ಬಳಸಲು ತಕ್ಕ ವಾಹನಗಳ ಮೇಲಿನ ತೆರಿಗೆ ರಾಜ್ಯದ್ದು. (ಎತ್ತಿನಗಾಡಿಯೂ ಇದರೊಳಗೆ ಬರುತ್ತದೆ, ಯಾವ ಮಂತ್ರಿಗೂ ನೆನಪು ಮಾಡಬೇಡಿ.) ಲೈಫ್ ಟ್ಯಾಕ್ಸ್ ನಿಂತಿರುವುದೂ ಇದೇ ನಮೂದಿನ ಮೇಲೆ. ತೊಡಕು ಬರುವುದು ಗಡಿಯಲ್ಲಿ. ಓಡೋಮೀಟರ್ ನೋಡಿ ದುಡ್ಡು ಕೇಳಿದರೆ, ಕಾರವಾರದಿಂದ ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗುವವನು ಅಲ್ಲಿ ಓಡಿಸಿದ ಕಿಲೋಮೀಟರಿಗೂ ಕರ್ನಾಟಕಕ್ಕೆ ಕಟ್ಟಬೇಕು. ಗಡಿ ಜಿಲ್ಲೆಯವರಿಗೆ ಒಂದಷ್ಟು ಕಿಲೋಮೀಟರ್ ಬಿಟ್ಟುಕೊಡುವುದು, ಇಲ್ಲವೇ ರಾಜ್ಯಗಳು ತಮ್ಮತಮ್ಮೊಳಗೆ ವರ್ಷಕ್ಕೊಮ್ಮೆ ಲೆಕ್ಕ ಹರಿಸಿಕೊಳ್ಳುವುದು. ಎರಡೂ ಅಸಾಧ್ಯವೇನಲ್ಲ.

ಭಾರ-ದೂರದ ಮಾಹಿತಿಗೆ ಹೊಸ ಯಂತ್ರವೇ ಬೇಕು ಎಂದೂ ಇಲ್ಲ. 2018ರ ಏಪ್ರಿಲ್‌ನಿಂದ 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ರಾಜ್ಯದಿಂದ ರಾಜ್ಯಕ್ಕೆ ಸಾಗಬೇಕಾದರೆ ಇ-ವೇ ಬಿಲ್ ಬೇಕು. ಅದರಲ್ಲಿ ಲಾರಿಯ ನಂಬರೂ ಇದೆ, ಎಲ್ಲಿಂದ ಎಲ್ಲಿಗೆ ಎಷ್ಟು ಕಿ.ಮೀ. ಎಂಬುದೂ ಇದೆ. ಕಾರಿನ ಮಟ್ಟಿಗೆ ವಿಮೆ ನವೀಕರಣದ ಹೊತ್ತಿಗೆ ಓಡೋಮೀಟರಿನ ಒಂದು ಫೋಟೊ ಸಾಕು. ಪೆಟ್ರೋಲ್ ಗಾಡಿ ಹೊಗೆ ತಪಾಸಣೆಗೆಂದಾದರೂ ಎಲ್ಲೋ ಒಂದು ಕಡೆ ನಿಲ್ಲುತ್ತದೆ, ಬ್ಯಾಟರಿ ಗಾಡಿಗೆ ಅದೂ ಇಲ್ಲ. ವಿಮೆಯೊಂದೇ ವರ್ಷಕ್ಕೊಮ್ಮೆ ಸಿಗುವ ಕೈಮರ.

ಲಾರಿ ಮಾಲೀಕರು ಸುಮ್ಮನೆ ಕೂರುವುದಿಲ್ಲ, ಕೂರಲೂಬಾರದು. ಅವರು ತ್ರೈಮಾಸಿಕ ತೆರಿಗೆ, ಪರ್ಮಿಟ್, ಟೋಲ್ ಎಲ್ಲ ಕಟ್ಟುತ್ತಾರೆ. ಅದರ ಮೇಲೆ ಇನ್ನೊಂದು ಹೊರೆ ಹೇರಿದರೆ ಅದು ಮೀನಿನ ಬುಟ್ಟಿಯ, ಅಡಕೆ ಚೀಲದ ಬಾಡಿಗೆಯಲ್ಲಿ ಹೊರಬರುತ್ತದೆ. ಆದ್ದರಿಂದ ಭಾರ-ದೂರದ ಶುಲ್ಕ ಬಂದಾಗ ತ್ರೈಮಾಸಿಕ ತೆರಿಗೆ ಹೋಗಬೇಕು, ಡೀಸೆಲ್ ಮೇಲಿನ ರಸ್ತೆ ಸೆಸ್ ಇಳಿಯಬೇಕು. ಆಗ ಅದೇ ಮಾಲನ್ನು ಹೆಚ್ಚು ಆಕ್ಸಲ್ಲಿನ ಲಾರಿಯಲ್ಲಿ ಹಂಚಿ ಹೊತ್ತವನಿಗೆ ಲಾಭ, ಎರಡೇ ಆಕ್ಸಲ್ ಮೇಲೆ ಒಟ್ಟಿದವನಿಗೆ ನಷ್ಟ. ಈಗಿನ ತೆರಿಗೆಗಳು ಈ ವ್ಯತ್ಯಾಸವನ್ನು ರಸ್ತೆ ಅನುಭವಿಸುವ ಮಟ್ಟದಲ್ಲಿ ನೋಡುವುದಿಲ್ಲ. ಬಸ್ಸಿನ ಪಾಲನ್ನು ಮಾತ್ರ ಸರ್ಕಾರವೇ ತುಂಬಲಿ. ಬಸ್ಸಿನ ಹಿಂದಿನ ಆಕ್ಸಲ್ಲೂ ರಸ್ತೆಯನ್ನು ಜೋರಾಗಿಯೇ ಒತ್ತುತ್ತದೆ ಎಂಬುದು ನಿಜ. ಆದರೆ ಶಿರಸಿಯಿಂದ ಒಳಹಳ್ಳಿಗೆ ಹೋಗುವ ವಾಯವ್ಯ ಸಾರಿಗೆಯ ಬಸ್ಸಿಗೆ ಶುಲ್ಕ ಹಾಕಿದರೆ ಮೊದಲು ನಿಲ್ಲುವುದು ಆ ಬಸ್ಸೇ.

ಬ್ಯಾಟರಿ ಸ್ಕೂಟರಿನವರಿಗೆ ಸದ್ಯ ಏನೂ ಹಾಕಬಾರದು, ರಸ್ತೆಗೆ ಅವರ ಪೆಟ್ಟು ಎಣಿಕೆಗೇ ಸಿಗದು. ಕಾರುಗಳಿಗೆ, ಪೆಟ್ರೋಲಿನದಿರಲಿ ಬ್ಯಾಟರಿಯದಿರಲಿ, ಒಂದೇ ಸಣ್ಣ ಕಿಲೋಮೀಟರ್ ದರ ಇಟ್ಟು, ಪೆಟ್ರೋಲಿನವರಿಗೆ ಅಷ್ಟನ್ನು ಸೆಸ್‌ನಲ್ಲಿ ಕಳೆಯಬೇಕು. ಬ್ರಿಟನ್ ಮಾಡಿದಂತೆ ಎರಡು ಮೂರು ವರ್ಷ ಮೊದಲೇ ದಿನಾಂಕ ಹೇಳಿಬಿಟ್ಟರೆ ಗಾಡಿ ಕೊಳ್ಳುವವನು ಲೆಕ್ಕ ಹಾಕಿಯೇ ಕೊಳ್ಳುತ್ತಾನೆ. ವಿದ್ಯುತ್ ಲಾರಿಗಳ ವಿಷಯದಲ್ಲಿ ಮಾತ್ರ ಕಾಯುವುದು ಬೇಡ. ಅವು ಇನ್ನೂ ಬೆರಳೆಣಿಕೆಯಲ್ಲಿರುವಾಗಲೇ ನಿಯಮ ಬರೆದರೆ ವಿರೋಧಿಸುವವರೂ ಬೆರಳೆಣಿಕೆಯವರೇ ಇರುತ್ತಾರೆ. ಬಂದ ದುಡ್ಡಿನಲ್ಲಿ ಸ್ವಿಸ್ಸರಂತೆ ಮೂರನೇ ಒಂದು ಪಾಲನ್ನು ತಾಲ್ಲೂಕು, ಗ್ರಾಮ ಪಂಚಾಯ್ತಿಗಳಿಗೆ ಕಾನೂನಿನಲ್ಲೇ ಬರೆದಿಟ್ಟು, ಅದನ್ನು ಹೊಸ ರಸ್ತೆಗೆ ಬಳಸಕೂಡದು, ಚರಂಡಿ-ಮೋರಿ-ಹೊಂಡಕ್ಕೆ ಮಾತ್ರ ಎಂದು ಕಟ್ಟು ಹಾಕಬೇಕು. ಕಂತು ಮಳೆಗಾಲಕ್ಕೆ ಬಹಳ ಮುಂಚೆಯೇ ಕೈಗೆ ಬರಬೇಕು. ಮಾರ್ಚ್ ಕೊನೆಯ ವಾರ ಬಿಡುಗಡೆಯಾಗಿ ಟೆಂಡರ್ ಮುಗಿಯುವಷ್ಟರಲ್ಲಿ ಜೂನ್ ಬಂದರೆ, ಘಟ್ಟದ ಮೇಲೂ ಕೆಳಗೂ ಡಾಂಬರು ಹಾಕಲು ಮಳೆ ಬಿಡುವುದಿಲ್ಲ.